ಬಿಸಿ ಯಾರ ಪಾಲಿಗೆ?

ನೋಕಿಯಾದ ಸಣ್ಣ ಪಿನ್ನಿನ ಚಾರ್ಜರ್ ಕಾಲದಲ್ಲಿ ಬ್ಯಾಟರಿ ಸೊರಗಿದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಹಿಂದಿನ ಮುಚ್ಚಳ ತೆಗೆದು ಹೊಸ ಬಿಎಲ್-5ಸಿ ಕೂರಿಸಿದರೆ ಮುಗಿಯಿತು. ಬ್ಯಾಟರಿಯನ್ನು ಒಳಗೇ ಅಂಟಿಸಿ ಮುಚ್ಚುವ ಪದ್ಧತಿ ಬಂದ ಮೇಲೆ ಅದರ ಆಯುಸ್ಸೇ ಫೋನಿನ ಆಯುಸ್ಸಾಯಿತು. ವಿಚಿತ್ರವೆಂದರೆ, ಫಾಸ್ಟ್ ಚಾರ್ಜಿಂಗ್ ಪೈಪೋಟಿ ಕಾವೇರಿದ್ದೂ ಅದೇ ವರ್ಷಗಳಲ್ಲಿ.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯ ವಂಶದ್ದೇ ಇಂದಿನ ಫೋನುಗಳ ಬ್ಯಾಟರಿಯೂ. ಅದಕ್ಕೆ ಅವಸರ ಒಗ್ಗದು. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಸೇರಬೇಕು. ಬ್ಯಾಟರಿ ತಣ್ಣಗಿದ್ದಾಗ, ಇಲ್ಲವೇ ಬಹುಪಾಲು ತುಂಬಿದ ಮೇಲೂ ಜೋರಾಗಿ ನುಗ್ಗಿಸಿದರೆ ಒಳಗೆ ಸೇರದವು ಮೇಲ್ಮೈಯಲ್ಲೇ ಲೋಹವಾಗಿ ಹತ್ತಿಕೊಳ್ಳುತ್ತವೆ. ಹಾಗಾದುದರಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರುವುದೇ ಇಲ್ಲ. ಬಿಸಿಯ ಹಾವಳಿ ಬೇರೆ. ಫೋನುಗಳು ಮೊದಲು ಸರಸರನೆ ಏರಿ, ಶೇ. 80 ದಾಟಿದ ಮೇಲೆ ತೆವಳುವುದು ಇದಕ್ಕೇ.

ಕಂಪ್ಯೂಟರಿನ ಹಳೆಯ ಯುಎಸ್‌ಬಿ ಕಿಂಡಿಯಿಂದ ಸಿಗುತ್ತಿದ್ದುದು 2.5 ವ್ಯಾಟ್. 2013ರಲ್ಲಿ ಕ್ವಾಲ್ಕಾಮ್‌ನ ಕ್ವಿಕ್ ಚಾರ್ಜ್ ಅದನ್ನು 10ಕ್ಕೆ ಮುಟ್ಟಿಸಿತು, ಎರಡನೇ ಆವೃತ್ತಿ 18ಕ್ಕೆ. ಎರಡನೆಯದರ ಉಪಾಯ ವೋಲ್ಟೇಜ್ ಏರಿಸುವುದು. ಏರಿಸಿದ್ದನ್ನು ಬ್ಯಾಟರಿಗೆ ತಕ್ಕಂತೆ ಇಳಿಸುವ ಕೆಲಸ ಫೋನಿನೊಳಗೆ ನಡೆಯಬೇಕು, ಬಿಸಿಯೂ ಅಲ್ಲೇ.

2014ರಲ್ಲಿ ಚೀನಾದ ಒಪ್ಪೋ ಕಂಪನಿ ಫೈಂಡ್ 7 ಫೋನಿನೊಂದಿಗೆ ತಂದ ವೂಕ್ ಈ ಲೆಕ್ಕವನ್ನೇ ತಿರುಗಿಸಿತು. ವೋಲ್ಟೇಜ್ 5ರಲ್ಲೇ ಇಟ್ಟು ಸುಮಾರು 4.5 ಆಂಪಿಯರ್ ಹರಿಸಿ, ಹೊಂದಿಸುವ ಕೆಲಸವನ್ನು ಗೋಡೆಯಲ್ಲಿರುವ ಚಾರ್ಜರಿಗೆ ವಹಿಸಿತು. ಕಾಯುವುದಾದರೆ ಚಾರ್ಜರ್ ಕಾಯಲಿ! ಅದರ ದಪ್ಪ ಚಾರ್ಜರಿಗೂ, ಬೇರೆ ಕೇಬಲ್ ಸಿಕ್ಕಿಸಿದರೆ ವೇಗ ಮಾಯವಾಗುವುದಕ್ಕೂ ಕಾರಣ ಇಲ್ಲಿದೆ. ಈ ಇತಿಹಾಸದ ನಿಜವಾದ ಜಾಣತನ ಇದೇ. ಆಮೇಲಿನದರಲ್ಲಿ ಅಂಕಿಯ ಜಂಬವೇ ಹೆಚ್ಚು: 2019ರಲ್ಲಿ ಬ್ಯಾಟರಿಯನ್ನು ಎರಡು ಸೆಲ್ ಮಾಡಿ 65 ವ್ಯಾಟ್, 2023ರಲ್ಲಿ ರಿಯಲ್‌ಮಿಯ 240.

ಆದರೆ ಬ್ಯಾಟರಿ ಸವೆತ ದೊಡ್ಡ ರಾದ್ಧಾಂತವಾದದ್ದು ವೇಗದ ಫೋನುಗಳಿಂದಲ್ಲ. ಬ್ಯಾಟರಿ ಹಳತಾದ ಐಫೋನುಗಳ ವೇಗ ತಗ್ಗಿಸುತ್ತಿರುವುದನ್ನು 2017ರ ಡಿಸೆಂಬರಿನಲ್ಲಿ ಆಪಲ್ ಒಪ್ಪಿಕೊಂಡಿತು. ಆ ಫೋನುಗಳ ಪೆಟ್ಟಿಗೆಯಲ್ಲಿ ಬರುತ್ತಿದ್ದುದು ಬಡಪಾಯಿ 5 ವ್ಯಾಟಿನ ಚಾರ್ಜರ್. ವಯಸ್ಸು, ಬಳಕೆ ಸಾಕಾಗಿತ್ತು.

ಅಲ್ಲಿಂದ ಕಂಪನಿಗಳ ಮಾತಿನ ಧಾಟಿ ಬದಲಾಯಿತು. 2019ರ ಐಓಎಸ್ 13 ರಾತ್ರಿಯಿಡೀ ಚಾರ್ಜಿಗೆ ಹಾಕಿದ ಫೋನನ್ನು 80ರಲ್ಲಿ ತಡೆದು, ಮಾಲೀಕ ಏಳುವ ಹೊತ್ತಿಗೆ ಪೂರ್ತಿ ತುಂಬಿಸತೊಡಗಿತು. 2022ರಲ್ಲಿ ಒಪ್ಪೋ 150 ವ್ಯಾಟ್ ಜೊತೆಗೆ 1600 ಸೈಕಲ್ (ಒಂದು ಸಲ ಪೂರ್ತಿ ತುಂಬಿ ಬರಿದಾಗುವ ಸುತ್ತು) ಆದರೂ ಶೇ. 80ರಷ್ಟು ಸಾಮರ್ಥ್ಯ ಉಳಿಯುವುದೆಂದು ಸಾರಿತು. ಯುರೋಪಿಯನ್ ಒಕ್ಕೂಟ ಅದಕ್ಕೊಂದು ಕನಿಷ್ಠ ಮಿತಿಯನ್ನೇ ಕಾನೂನು ಮಾಡಿತು: 2025ರ ಜೂನ್‌ನಿಂದ ಅಲ್ಲಿ ಮಾರುಕಟ್ಟೆಗೆ ಬರುವ ಹೊಸ ಫೋನಿನ ಬ್ಯಾಟರಿ 800 ಸೈಕಲ್ ಕಳೆದರೂ ಶೇ. 80 ಉಳಿಸಿಕೊಂಡಿರಬೇಕು.