ಮೋಟಾರುಬಂಡಿಯ ಜೀರ್ಣೋದ್ಧಾರ

ಊರ ತೇರಿನ ಅಚ್ಚು ಸವೆದರೆ ಅಚ್ಚನ್ನು ಬದಲಾಯಿಸುವರಲ್ಲದೆ ತೇರನ್ನೇ ಬಿಸುಡುವವರು ಯಾರೂ ಇಲ್ಲ. ಜೀರ್ಣೋದ್ಧಾರವು ನೂತನ ನಿರ್ಮಾಣಕ್ಕಿಂತಲೂ ಪುಣ್ಯಕರವೆಂಬುದು ನಮ್ಮ ಹಿರಿಯರ ಮತವು. ಈ ನ್ಯಾಯವು ಮೋಟಾರುಬಂಡಿಗೂ ಸಲ್ಲುವುದೇ? ಹಳೆಯದನ್ನು ದುರಸ್ತು ಮಾಡಿಸಿ ಓಡಿಸುವುದು ಲೇಸೋ, ಹೊಸದನ್ನು ಕೊಳ್ಳುವುದು ಲೇಸೋ? ಇಂದು ಮನೆಮನೆಗಳಲ್ಲಿ ನಡೆಯುವ ಈ ಚರ್ಚೆಯು ಸುಮಾರು ನೂರು ವರ್ಷಗಳ ಹಿಂದೆಯೇ ಅಮೆರಿಕ ದೇಶದಲ್ಲಿ ಎರಡು ಮಹಾಸಂಸ್ಥೆಗಳ ಸ್ಪರ್ಧೆಯ ರೂಪದಿಂದ ನಡೆಯಿತು. ಆ ವೃತ್ತಾಂತವು ವಾಚಕರಿಗೆ ಉಪಯುಕ್ತವಾದೀತೆಂದು ಇಲ್ಲಿ ಸಂಗ್ರಹಿಸಿದೆ.

ಹೆನ್ರಿ ಫೋರ್ಡನು 1908ನೆಯ ಇಸವಿಯಲ್ಲಿ ‘ಮಾಡೆಲ್ ಟಿ’ ಎಂಬ ಬಂಡಿಯನ್ನು ಹೊರತಂದನು. ಆಗ ಸುಮಾರು 850 ಡಾಲರುಗಳಿದ್ದ ಬೆಲೆಯು ಕ್ರಮೇಣ ಇಳಿಯುತ್ತ, 1925ರ ವೇಳೆಗೆ ಅತ್ಯಲ್ಪ ಬೆಲೆಯ ಬಂಡಿಯು 260 ಡಾಲರುಗಳಿಗೆ ದೊರೆಯುವಂತಾಯಿತು. ಅದರ ರಚನೆ ಸರಳ, ಬಿಡಿಭಾಗಗಳು ಸುಲಭ, ಹಳ್ಳಿಯ ರೈತನೂ ತಾನೇ ಬಿಚ್ಚಿ ಜೋಡಿಸಬಹುದಾಗಿತ್ತು. ತನ್ನ ಬಂಡಿಯನ್ನು ಕೊಂಡವನಿಗೆ ಮತ್ತೊಂದನ್ನು ಕೊಳ್ಳುವ ಅಗತ್ಯವೇ ಬೀಳಬಾರದೆಂಬ ತನ್ನ ಅಭಿಪ್ರಾಯವನ್ನು ಫೋರ್ಡನು 1922ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಪಷ್ಟವಾಗಿ ಸಾರಿದ್ದಾನೆ. ಇದು ಜೀರ್ಣೋದ್ಧಾರಪಕ್ಷವು.

ಪ್ರತಿಪಕ್ಷದಲ್ಲಿ ನಿಂತುದು ಜನರಲ್ ಮೋಟಾರ್ಸ್ ಸಂಸ್ಥೆ. 1923ರಲ್ಲಿ ಅದರ ಅಧ್ಯಕ್ಷನಾದ ಆಲ್‌ಫ್ರೆಡ್ ಸ್ಲೋನನು, ಬಂಡಿಯ ರೂಪವನ್ನು ವರ್ಷವರ್ಷಕ್ಕೂ ಬದಲಾಯಿಸುವ ನೀತಿಯನ್ನು ಬೆಳೆಸಿದನು. ಕಂತುಗಳಲ್ಲಿ ಹಣ ಸಲ್ಲಿಸುವವರಿಗೆ ಸಾಲ ಕೊಡಲು 1919ರಲ್ಲಿಯೇ ಒಂದು ಅಂಗಸಂಸ್ಥೆಯು ಏರ್ಪಟ್ಟಿತ್ತು. ಹೀಗೆ ಹೊಸತನದ ಆಸೆಯೂ ಅದನ್ನು ತೀರಿಸಿಕೊಳ್ಳುವ ಸಾಲವೂ ಒಂದೇ ಬಾಗಿಲಿನಲ್ಲಿ ದೊರೆತವು.

ಈ ಪಕ್ಷವು ಕೇವಲ ವ್ಯಾಪಾರದ ತಂತ್ರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಯಾದ ಚಾರ್ಲ್ಸ್ ಕೆಟರಿಂಗನು ನಿರ್ಮಿಸಿದ ವಿದ್ಯುತ್ ಚಾಲಕವು 1912ರ ಕ್ಯಾಡಿಲಾಕ್ ಬಂಡಿಯಲ್ಲಿ ಬಂದಿತು. ಅದಕ್ಕೆ ಮುಂಚೆ ಕೈಹಿಡಿಯನ್ನು ತಿರುವಿ ಯಂತ್ರವನ್ನು ಚಾಲೂ ಮಾಡುವಾಗ ಅದು ಹಿಮ್ಮೆಟ್ಟಿ ಹೊಡೆದು ತೋಳು ಮುರಿದುಕೊಂಡವರುಂಟು. ಇಂತಹ ಹೊಸತನವು ನಿಜವಾದ ಉಪಕಾರವೇ ಸರಿ. ಆದರೆ ಅದೇ ಕೆಟರಿಂಗನು 1929ರಲ್ಲಿ, ಗ್ರಾಹಕನನ್ನು ಸದಾ ಅತೃಪ್ತನನ್ನಾಗಿಯೇ ಇರಿಸಬೇಕೆಂಬ ಅರ್ಥದ ಶೀರ್ಷಿಕೆಯಿಟ್ಟು ಲೇಖನ ಬರೆದನು! ತೋಳನ್ನು ಕಾಯುವ ಹೊಸತೂ ಮನಸ್ಸನ್ನು ಕೆರಳಿಸುವ ಹೊಸತೂ ಒಬ್ಬನೇ ಪುರುಷನಿಂದ ಹೊರಟುವು.

ಸ್ಪರ್ಧೆಯಲ್ಲಿ ಫೋರ್ಡನು ಸೋತನು. ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಮೇಲೆ 1927ರ ಮೇ ತಿಂಗಳಲ್ಲಿ ಮಾಡೆಲ್ ಟಿ ನಿಂತಿತು. ಹೊಸ ‘ಮಾಡೆಲ್ ಎ’ ಬಂಡಿಯು ಡಿಸೆಂಬರಿನಲ್ಲಿ ಹೊರಬರುವವರೆಗೆ ಸಹಸ್ರಾರು ಕೆಲಸಗಾರರು ಕೂಲಿಯಿಲ್ಲದೆ ಕುಳಿತರು. ಆದರೂ ಹಳೆಯ ಬಂಡಿಗಳಿಗಾಗಿ ಮಾಡೆಲ್ ಟಿ ಯಂತ್ರಗಳನ್ನು 1941ರವರೆಗೂ ತಯಾರಿಸುತ್ತಲೇ ಇದ್ದರು. ಪೇಟೆಯು ಕೈಬಿಟ್ಟ ಮೇಲೆಯೂ ಹದಿನಾಲ್ಕು ವರ್ಷ ಜನರು ಕೈಬಿಡಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇದರಿಂದ ಸಿದ್ಧವಾಗುವುದೇನೆಂದರೆ, ಜೀರ್ಣತೆಯು ದ್ವಿವಿಧವಾದುದು: ಒಂದು ಯಂತ್ರದ್ದು, ಇನ್ನೊಂದು ಕಣ್ಣಿನದು. ಬಿರಿ ಹಿಡಿಯದ, ಚೌಕಟ್ಟು ತುಕ್ಕು ತಿಂದ, ಬಿಡಿಭಾಗ ದೊರೆಯದ, ಹೊಗೆಯಿಂದ ನೆರೆಯವರನ್ನು ಪೀಡಿಸುವ ಬಂಡಿಯನ್ನು ಬಿಡುವುದೇ ವಿವೇಕವು. ನೆರೆಮನೆಯ ಬಂಡಿಯ ಹೊಳಪೊಂದೇ ಕಾರಣವಾದಲ್ಲಿ, ವರ್ಷದ ದುರಸ್ತಿನ ಲೆಕ್ಕವನ್ನೂ ವರ್ಷದ ಕಂತಿನ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡುವುದೊಳಿತು. ಬಂಡಿಯ ಮುಪ್ಪನ್ನು ನಿರ್ಣಯಿಸುವ ಅಧಿಕಾರವು ಅದನ್ನು ಓಡಿಸುವವನಲ್ಲಿರಬೇಕೇ ಹೊರತು ಮಾರುವವನಲ್ಲಿ ಅಲ್ಲ.