ಎಷ್ಟು ಹತ್ತಿರವಾದರೆ ತೀರಾ ಹತ್ತಿರ?

ವಿಜ್ಞಾನದ ಇತಿಹಾಸ ಓದುವಾಗ ಗೆಲುವಿನ ಕತೆಗಳಿಗಿಂತ ತಕರಾರಿನ ಕತೆಗಳೇ ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಜಿ.ಎನ್. ರಾಮಚಂದ್ರನ್ ಅವರ ಕೊಲಾಜನ್ ಕತೆ ಅಂಥದ್ದು.

ಚರ್ಮಕ್ಕೂ ಎಲುಬಿಗೂ ಗಟ್ಟಿತನ ಕೊಡುವ ಪ್ರೋಟೀನು ಕೊಲಾಜನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಪಳಗಿದ ರಾಮಚಂದ್ರನ್ 1952ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಗೆ ಭೇಟಿ ಕೊಟ್ಟ ಜೆ.ಡಿ. ಬರ್ನಾಲ್, ಕೊಲಾಜನ್ನಿನ ರಚನೆ ಇನ್ನೂ ಬಗೆಹರಿದಿಲ್ಲ ಎಂದರು. ಆ ಮಾತೇ ಕೆಲಸಕ್ಕೆ ನಾಂದಿಯಾಯಿತು.

ಕ್ಷ-ಕಿರಣದ ಚಿತ್ರ ಪರಮಾಣುಗಳನ್ನು ನೇರವಾಗಿ ತೋರಿಸುವುದಿಲ್ಲ. ಫಿಲ್ಮಿನ ಮೇಲೆ ಒಂದಿಷ್ಟು ಕಲೆಗಳು ಮೂಡುತ್ತವೆ, ಅಷ್ಟೆ. ಎಂಥ ರಚನೆಯಿದ್ದರೆ ಇಂಥ ಕಲೆ ಮೂಡೀತು ಎಂದು ಊಹಿಸಿ, ಮಾದರಿ ಕಟ್ಟಿ, ತಾಳೆ ನೋಡಬೇಕು. ರಾಮಚಂದ್ರನ್ ಮತ್ತು ಗೋಪಿನಾಥ್ ಕಾರ್ತಾ ಅವರಿಗೆ ಇನ್ನೊಂದು ಸುಳಿವಿತ್ತು: ಕೊಲಾಜನ್ನಿನ ಅಮೈನೋ ಆಮ್ಲಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗ್ಲೈಸಿನ್, ಎಲ್ಲಕ್ಕಿಂತ ಚಿಕ್ಕದು. ಮೂರು ಎಳೆಗಳು ಒಂದಕ್ಕೊಂದು ತಾಗುವ ಒಳಮೈಯಲ್ಲಿ ಅಷ್ಟು ಚಿಕ್ಕದಕ್ಕೆ ಮಾತ್ರ ಜಾಗ. 1954ರಲ್ಲಿ ಮೂರೆಳೆಯ ಮಾದರಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷ ಅದನ್ನು ತಿದ್ದಿ, ಹಗ್ಗದಂತೆ ಹೊಸೆದ ರೂಪ ಕೊಟ್ಟರು.

ಅದೇ 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಕರಾರು ತೆಗೆದರು. ಮೂರೆಳೆ ಸರಿ, ಆದರೆ ನಿಮ್ಮ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ. ಪ್ರತಿ ಮೂರು ಅಮೈನೋ ಆಮ್ಲಗಳಿಗೆ ಹೈಡ್ರೋಜನ್ ಬಂಧ ಎರಡಲ್ಲ, ಒಂದೇ.

ಇಲ್ಲಿ ರಾಮಚಂದ್ರನ್ ಹಟ ಹಿಡಿದು ಕೂರಬಹುದಿತ್ತು. ಅವರು ಕೇಳಿಕೊಂಡದ್ದು ಬೇರೆಯೇ ಪ್ರಶ್ನೆ: ಎಷ್ಟು ಹತ್ತಿರವಾದರೆ 'ತೀರಾ ಹತ್ತಿರ'? ಅಷ್ಟರಲ್ಲಿ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ಜಾಲಾಡಿ, ಪರಮಾಣುಗಳು ನಿಜಕ್ಕೂ ಎಷ್ಟು ಸಮೀಪಿಸುತ್ತವೆ ಎಂದು ಅಳತೆ ಕಲೆಹಾಕಿದರು. ಪ್ರೋಟೀನಿನ ಎಳೆ ಪ್ರತಿ ಕೊಂಡಿಯಲ್ಲೂ ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗಬಲ್ಲದು. ಯಾವ ಕೋನಗಳಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುವುದಿಲ್ಲವೆಂದು ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರೊಂದಿಗೆ ಲೆಕ್ಕ ಹಾಕಿ 1963ರಲ್ಲಿ ನಕ್ಷೆ ಪ್ರಕಟಿಸಿದರು. ಅದೇ 'ರಾಮಚಂದ್ರನ್ ನಕ್ಷೆ'.

ಬಂಧದ ಲೆಕ್ಕದಲ್ಲಿ ಕೊನೆಗೆ ಟೀಕಾಕಾರರ ಮಾತೇ ನಿಂತಿತು. ಕೊಲಾಜನ್ನನ್ನು ಹೋಲುವ ಹರಳಿನ ರಚನೆ 1994ರಲ್ಲಿ ಹೊರಬಂದಾಗ ಕಂಡದ್ದು ಮೂರೆಳೆಯ ಹೊಸೆತ ಮತ್ತು ಒಂದೇ ಬಂಧ. ಆದರೆ ಆ ಟೀಕೆಗೆ ಉತ್ತರ ಹುಡುಕುತ್ತ ಬರೆದ ನಕ್ಷೆ ಮಾದರಿಗಿಂತ ದೊಡ್ಡದಾಗಿ ಬೆಳೆಯಿತು. ಇಂದು ಯಾರೇ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ, ಅದು ಸರಿಯಿದೆಯೇ ಎಂದು ಮೊದಲು ಒರೆಗೆ ಹಚ್ಚುವುದರಲ್ಲಿ ಈ ನಕ್ಷೆಯೂ ಒಂದು. ಪರೀಕ್ಷೆಗೆ ಕಂಠಪಾಠ ಮಾಡುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಅದರ ಹಿಂದೆ ಒಂದು ಆಕ್ಷೇಪಣೆಯಿದೆ, ಮತ್ತು ಅದನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬ ಮನುಷ್ಯನಿದ್ದಾನೆ.