ಚೀಲದ ತೂಕ, ಬೆನ್ನಿನ ಲೆಕ್ಕ

ಪುಣೆಯ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಭುಸಾರ ಪೇಟೆಯ ಓಣಿಗಳನ್ನು ಹಾದುಹೋಗುವಾಗ ನಮ್ಮಂಥ ಹೊರನಾಡ ಕನ್ನಡಿಗರಿಗೆ ಒಂದು ಸಣ್ಣ ಸಂತೋಷ ಕಾದಿರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ, ಸಂಕೇಶ್ವರದ ಮೆಣಸಿನಕಾಯಿ, ಕಲಬುರಗಿಯ ತೊಗರಿ: ಊರಿನ ಹೆಸರುಗಳು ಸರಕಿನ ಹೆಸರುಗಳಾಗಿ ನಮ್ಮನ್ನು ಎದುರುಗೊಳ್ಳುತ್ತವೆ. ಆ ಹೆಸರುಗಳನ್ನು ನಾವು ಪ್ರೀತಿಯಿಂದ ಓದಿಕೊಳ್ಳುತ್ತೇವೆ. ಆದರೆ ಆ ಸರಕನ್ನು ಲಾರಿಯಿಂದ ಅಂಗಡಿಗೆ, ಅಂಗಡಿಯಿಂದ ಟೆಂಪೋಗೆ ದಾಟಿಸುವ ಬೆನ್ನುಗಳ ಚರಿತ್ರೆಯನ್ನು ಓದಿದವರು ನಮ್ಮಲ್ಲಿ ಕಡಿಮೆ. ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಇದೇ ನಗರದಲ್ಲಿ ರಚಿತವಾಯಿತೆಂಬುದರಿಂದ ಅದನ್ನು ಇಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

‘ಹಮಾಲ’ ಎಂಬ ಶಬ್ದ ಅರಬ್ಬಿಯ ‘ಹಮ್ಮಾಲ್’ನಿಂದ ಬಂದದ್ದು, ಹೊರುವವನು ಎಂದೇ ಅದರ ಅರ್ಥ. ಇಸ್ತಾಂಬುಲ್‌ನಿಂದ ಮುಂಬಯಿಯವರೆಗಿನ ಪೇಟೆಗಳಲ್ಲಿ ಬಳಕೆಯಲ್ಲಿದ್ದ ಈ ಪದ ಮರಾಠಿಯಲ್ಲಿಯೂ ಉತ್ತರ ಕರ್ನಾಟಕದ ಕನ್ನಡದಲ್ಲಿಯೂ ಒಂದೇ ರೂಪದಲ್ಲಿ ನೆಲೆಸಿತು. ಕೆಲಸಕ್ಕೂ ಅದರ ಕೂಲಿಗೂ ನಾವು ‘ಹಮಾಲಿ’ ಎನ್ನುತ್ತೇವೆ. ಮರಾಠಿಯ ಇನ್ನೊಂದು ಪದ ‘ಮಾಥಾಡಿ’. ಮಾಥೆ ಎಂದರೆ ತಲೆ, ತಲೆಯ ಮೇಲೆ ಹೊರುವವನು ಮಾಥಾಡಿ. ಎರಡು ಪದಗಳೂ ಮನುಷ್ಯನನ್ನು ಅವನು ಹೊರುವ ಭಾರದಿಂದಲೇ ಗುರುತಿಸುತ್ತವೆ.

ಹಾಗಾದರೆ ಆ ಭಾರ ಎಷ್ಟಿರಬೇಕೆಂದು ನಿಶ್ಚಯಿಸಿದವರು ಯಾರು? ಹೊರುವವನಂತೂ ಅಲ್ಲ. ನಮ್ಮ ಹಳೆಯ ಅಳತೆಗಳನ್ನೇ ನೋಡಬಹುದು. ‘ಹೇರು’ ಎಂಬುದು ಎತ್ತಿನ ಬೆನ್ನಿಗೆ ತಕ್ಕ ಅಳತೆ. ಬ್ರಿಟಿಷರ ಕಾಲದ ಧಾನ್ಯ ವ್ಯಾಪಾರದಲ್ಲಿ ಸೆಣಬಿನ ಗೋಣಿಚೀಲ ರೂಢಿಗೆ ಬಂದಾಗ ಎರಡೂವರೆ ಮಣದ ಚೀಲ ಒಂದು ಸಾಮಾನ್ಯ ಪ್ರಮಾಣವಾಯಿತು. ಮಣ ಒಂದಕ್ಕೆ 37 ಕಿಲೋಗಿಂತ ತುಸು ಹೆಚ್ಚು. ಅಂದರೆ ಚೀಲಕ್ಕೆ ಸುಮಾರು 93 ಕಿಲೋ. ಗಾಡಿಗೆ, ರೈಲಿನ ಡಬ್ಬಿಗೆ, ಲೆಕ್ಕದ ಪುಸ್ತಕಕ್ಕೆ ಅನುಕೂಲವಾದ ಗಾತ್ರವದು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಬಳಿಕ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಾಗ, ಲೆಕ್ಕಕ್ಕೆ ಇನ್ನೂ ಸುಲಭವಾದ 100 ಕಿಲೋದ ಕ್ವಿಂಟಲ್ ಚೀಲ ಪೇಟೆಗೆ ಬಂತು. ಲೆಕ್ಕಿಗನಿಗೆ ಸೊನ್ನೆಗಳು ಕೂಡಿಬಂದವು. ಹೊರುವವನಿಗೆ ಪ್ರತಿ ಚೀಲದ ಮೇಲೆ ಆರೇಳು ಕಿಲೋ ಕೂಡಿಬಂತು. ಚೀಲದ ತೂಕ ಪ್ರಕೃತಿ ನಿಯಮವಲ್ಲ, ಮನುಷ್ಯರು ಮಾಡಿಕೊಂಡ ಒಪ್ಪಂದ ಎಂಬುದನ್ನು ಈ ಬದಲಾವಣೆ ತೋರಿಸುತ್ತದೆ. ಏರಿಸಲು ಬಂದದ್ದನ್ನು ಇಳಿಸಲೂ ಬರುತ್ತದೆ.

ಹೊರೆಯ ಕಷ್ಟವನ್ನು ನಮ್ಮ ಹಿಂದಿನವರು ಅರಿಯದೆ ಇರಲಿಲ್ಲ. ಕರ್ನಾಟಕದ ಹಳೆಯ ದಾರಿಗಳ ಬದಿಯಲ್ಲಿ ಅಲ್ಲಲ್ಲಿ ಉಳಿದಿರುವ ಹೊರೆಗಲ್ಲು ಇದಕ್ಕೆ ಸಾಕ್ಷಿ: ಎರಡು ನಿಲುಗಲ್ಲು, ಅವುಗಳ ಮೇಲೆ ಹೆಗಲೆತ್ತರದಲ್ಲಿ ಒಂದು ಅಡ್ಡಗಲ್ಲು. ಕೇರಳದಲ್ಲಿ ಅದನ್ನು ಅತ್ತಾಣಿ ಎನ್ನುತ್ತಾರೆ, ತಮಿಳಿನಲ್ಲಿ ಸುಮೈತಾಂಗಿ. ಬಸಿರಲ್ಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗಾಗಿ ಇಂಥ ಕಲ್ಲನ್ನು ನಿಲ್ಲಿಸುವ ರೂಢಿ ತಮಿಳು ನಾಡಿನಲ್ಲಿತ್ತು. ಇಳಿಸಲಾಗದೆ ಹೋದ ಹೊರೆಗೆ ಪ್ರತಿಯಾಗಿ ಎಲ್ಲರ ಹೊರೆ ಇಳಿಸುವ ಕಲ್ಲು. ಇಲ್ಲಿ ಗಮನಿಸಬೇಕಾದುದು ಅದರ ಎತ್ತರ. ದಣಿದವನು ಹೊರೆಯನ್ನು ನೆಲಕ್ಕೆ ಇಳಿಸಿದರೆ ಅದನ್ನು ಮತ್ತೆ ನೆಲದಿಂದ ಎತ್ತಬೇಕು, ಎತ್ತಿಕೊಡಲು ಇನ್ನೊಬ್ಬರು ಬೇಕು. ಹೆಗಲೆತ್ತರದ ಕಲ್ಲು ಬಗ್ಗುವ ಅಗತ್ಯವನ್ನೇ ತಪ್ಪಿಸುತ್ತದೆ. ಬೆನ್ನಿಗೆ ಪೆಟ್ಟಾಗುವುದು ಬಹುಪಾಲು ನಡೆಯುವಾಗಲ್ಲ, ಬಗ್ಗಿ ಎತ್ತುವಾಗ ಮತ್ತು ಇಳಿಸುವಾಗ ಎಂಬ ಅರಿವು ಆ ಕಲ್ಲಿನ ಎತ್ತರದಲ್ಲಿಯೇ ಅಡಗಿದೆ.

ಇದರ ಗಣಿತ ಸರಳ. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಸೊಂಟದ ಕೆಳಗಿನ ಕಶೇರುಗಳ ನಡುವಣ ಮೆತ್ತೆಯಿಂದ ಹಿಂದಕ್ಕೆ ಸುಮಾರು 5 ಸೆಂಟಿಮೀಟರ್ ದೂರದಲ್ಲಿವೆ. ಎದುರಿಗೆ 40 ಸೆಂಟಿಮೀಟರ್ ದೂರದಲ್ಲಿ 50 ಕಿಲೋ ಹಿಡಿದರೆ, ತಕ್ಕಡಿಯ ನ್ಯಾಯದಂತೆ, ಆ ಸ್ನಾಯುಗಳು ಎಂಟು ಪಟ್ಟು, ಅಂದರೆ 400 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಆ ಒತ್ತಡವೆಲ್ಲ ಬೀಳುವುದು ಮೆತ್ತೆಯ ಮೇಲೆ. ಮೆತ್ತೆ ಹಿಂದಕ್ಕೆ ಉಬ್ಬಿ ನರವನ್ನು ಒತ್ತಿದಾಗ ಕಾಲಿನುದ್ದಕ್ಕೂ ನೋವು ಹರಿಯುತ್ತದೆಂಬುದನ್ನು ಅಮೆರಿಕದ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ವಿವರಿಸಿದರು. ಭಾರ ಮೈಗೆ ಹತ್ತಿರವಾದಷ್ಟೂ ಈ ಗುಣಾಕಾರ ಕುಗ್ಗುತ್ತದೆ. ಹಮಾಲನು ಚೀಲವನ್ನು ತಾನೇ ಎತ್ತದೆ, ಇಬ್ಬರು ಎತ್ತಿಕೊಟ್ಟದ್ದನ್ನು ಕತ್ತು ಬೆನ್ನುಗಳ ಸಂಧಿಯಲ್ಲಿ ತೆಗೆದುಕೊಳ್ಳುವುದು, ಬುಟ್ಟಿ ಹೊರುವವಳು ಸಿಂಬಿಯಿಟ್ಟು ನೆತ್ತಿಯ ಮೇಲೆ ಹೊರುವುದು, ಕೊಕ್ಕೆ ಹಾಕಿ ಚೀಲವನ್ನು ಮೈಗೆ ಸೆಳೆದುಕೊಳ್ಳುವುದು, ಇವೆಲ್ಲ ಈ ಗಣಿತವನ್ನು ಮೈಯಿಂದಲೇ ಕಲಿತವರ ಜಾಣ್ಮೆ.

ಆದರೆ ಜಾಣ್ಮೆಗೂ ಒಂದು ಮಿತಿಯಿದೆ. 100 ಕಿಲೋ ಚೀಲವನ್ನು ಹೊರಲು ಸರಿಯಾದ ಭಂಗಿಯೆಂಬುದು ಇಲ್ಲ. ಈ ಸತ್ಯ ಪುಣೆಯಲ್ಲಿ ಮೊದಲು ಕಂಡದ್ದು ಒಬ್ಬ ವೈದ್ಯರಿಗೆ. 1930ರಲ್ಲಿ ಜನಿಸಿದ ಬಾಬಾ ಆಢಾವರು ಆಯುರ್ವೇದ ಕಲಿತು ನಾನಾ ಪೇಟೆಯಲ್ಲಿ ದವಾಖಾನೆ ನಡೆಸುತ್ತಿದ್ದರು. ಅಂದಿನ ಸಗಟು ಧಾನ್ಯಪೇಟೆ ನಾನಾ ಪೇಟೆ, ಭವಾನಿ ಪೇಟೆಗಳ ಸುತ್ತಲೇ ಇತ್ತು. ಬೆನ್ನು, ಸೊಂಟ, ಮೊಣಕಾಲುಗಳ ನೋವು ಹೊತ್ತ ಹಮಾಲರು ಅವರ ಬಳಿಗೆ ಬರುತ್ತಿದ್ದರು. ಎಣ್ಣೆ ತಿಕ್ಕಿ, ಔಷಧಿ ಕೊಟ್ಟು, ವಿಶ್ರಾಂತಿ ಹೇಳಬಹುದಿತ್ತು. ಆದರೆ ದಿನಗೂಲಿಯವನಿಗೆ ವಿಶ್ರಾಂತಿಯೆಂದರೆ ಉಪವಾಸ; ಮರುದಿನ ಅದೇ ಚೀಲ, ಅದೇ ಬೆನ್ನು. ರೋಗದ ಮೂಲ ದೇಹದಲ್ಲಿಲ್ಲ, ಪೇಟೆಯ ವ್ಯವಸ್ಥೆಯಲ್ಲಿದೆಯೆಂದು ಮನಗಂಡ ಆಢಾವರು 1950ರ ದಶಕದ ನಡುವೆ ಹಮಾಲ ಪಂಚಾಯತಿಯನ್ನು ಕಟ್ಟಿದರು. ಚೀಲದ ತೂಕ ಇಳಿಸಬೇಕೆಂಬುದು ಅದರ ಹಳೆಯ ಬೇಡಿಕೆಗಳಲ್ಲೊಂದು. ಮುಂದೆ 1974ರಲ್ಲಿ ಇದೇ ಸಂಘಟನೆ ಆರಂಭಿಸಿದ ‘ಕಷ್ಟಾಚೀ ಭಾಕರ’, ಎಂದರೆ ದುಡಿಮೆಯ ರೊಟ್ಟಿ, ಅಗ್ಗದ ದರದಲ್ಲಿ ಹೊಟ್ಟೆ ತುಂಬ ಊಟ ನೀಡುವ ಕೇಂದ್ರಗಳ ಸಾಲಾಗಿ ಬೆಳೆಯಿತು. ಬೆನ್ನಿನ ಬಲ ಹೊಟ್ಟೆಯಿಂದ ಬರುತ್ತದೆಂಬ ತಿಳಿವು ಅದರ ಹಿಂದಿದೆ.

ಹಮಾಲನ ಸ್ಥಿತಿಯಲ್ಲಿ ಒಂದು ವಿಚಿತ್ರ ತೊಡಕಿತ್ತು. ಕಾರ್ಖಾನೆಯ ಕಾರ್ಮಿಕನಿಗೆ ಮಾಲೀಕನೊಬ್ಬನಿದ್ದಾನೆ. 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು, ಗಾಯಕ್ಕೆ ಕಾರಣವಾಗಬಹುದಾದಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು ವಿಧಿಸಿತ್ತು. ಆದರೆ ಪೇಟೆಯ ಅಂಗಡಿ ಕಾರ್ಖಾನೆಯಲ್ಲ. ಒಂದೇ ದಿನ ಹತ್ತು ವ್ಯಾಪಾರಿಗಳ ಚೀಲ ಹೊರುವವನಿಗೆ ಮಾಲೀಕ ಯಾರು? ಎಲ್ಲರೂ ಅವನ ಬೆನ್ನನ್ನು ಬಳಸುವವರು, ಹೊಣೆ ಹೊರುವವರು ಯಾರೂ ಇಲ್ಲ. ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲರು ಮಾಥಾಡಿಗಳನ್ನು ಸಂಘಟಿಸಿದರು, ಪುಣೆಯಲ್ಲಿ ಹಮಾಲ ಪಂಚಾಯತಿ ಹೋರಾಡಿತು. ಇಂಥ ಒತ್ತಾಯಗಳ ಫಲವಾಗಿ ಬಂದ ಮಹಾರಾಷ್ಟ್ರದ 1969ರ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಶ್ರಮಿಕರ ಕಾಯ್ದೆ ಈ ತೊಡಕನ್ನು ಜಾಣತನದಿಂದ ಬಿಡಿಸಿತು. ಕಾರ್ಮಿಕರು, ವ್ಯಾಪಾರಿಗಳು, ಸರಕಾರ ಮೂವರ ಪ್ರತಿನಿಧಿಗಳಿರುವ ಮಂಡಳಿಯಲ್ಲಿ ಹಮಾಲನೂ ವ್ಯಾಪಾರಿಯೂ ನೋಂದಣಿಯಾಗುತ್ತಾರೆ. ಕೂಲಿ ಮಂಡಳಿಗೆ ಸಂದಾಯವಾಗುತ್ತದೆ, ಅದರ ಮೇಲೆ ವ್ಯಾಪಾರಿ ನಿಗದಿತ ಲೆವಿ ಕಟ್ಟುತ್ತಾನೆ. ಆ ಲೆವಿಯಿಂದ ಭವಿಷ್ಯನಿಧಿ, ಗ್ರ್ಯಾಚ್ಯುಟಿ, ವೈದ್ಯಕೀಯ ನೆರವು. ಹತ್ತು ಮಂದಿ ಮಾಲೀಕರು ಸೇರಿ ಒಂದು ಹೊಣೆಯಾದರು.

ಇದೇ ಹೊತ್ತಿಗೆ ಜಗತ್ತು ಕೂಡ ಇದೇ ಪ್ರಶ್ನೆಯನ್ನು ಕೇಳುತ್ತಿತ್ತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗರಿಷ್ಠ ತೂಕವನ್ನು ಕುರಿತ 127ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಜೊತೆಗೆ ಬಂದ 128ನೆಯ ಶಿಫಾರಸು ವಯಸ್ಕ ಪುರುಷನೊಬ್ಬ ಹೊರುವ ಭಾರ 55 ಕಿಲೋ ಮೀರದಂತೆ ಕ್ರಮ ಕೈಗೊಳ್ಳಬೇಕೆಂದಿತು. ಭಾರತದ ಪೇಟೆಗಳು ಈ ಅಂಕಿಯತ್ತ ನಿಧಾನವಾಗಿ ಸರಿದವು. ಇಂದು ಆಹಾರ ನಿಗಮದ ಗೋದಾಮಿನಲ್ಲಾಗಲಿ ಸಿಮೆಂಟಿನ ಅಂಗಡಿಯಲ್ಲಾಗಲಿ 50 ಕಿಲೋ ಚೀಲವೇ ರೂಢಿ. ಕಾಸರಗೋಡಿನ ನಮ್ಮ ಓದುಗರು ಬಲ್ಲಂತೆ, ಕೇರಳವು 1978ರಲ್ಲಿಯೇ ತಲೆಹೊರೆ ಕಾರ್ಮಿಕರ ಕಾಯ್ದೆ ಮಾಡಿದ ರಾಜ್ಯ. ಅಲ್ಲಿಯ ಸಚಿವ ಸಂಪುಟ ಹೊರೆಯ ಮಿತಿಯನ್ನು 75 ಕಿಲೋದಿಂದ 55ಕ್ಕೆ ಇಳಿಸುವ ತಿದ್ದುಪಡಿಗೆ ಒಪ್ಪಿಗೆಯಿತ್ತದ್ದು 2021ರಲ್ಲಿ. ಕರ್ನಾಟಕದಲ್ಲಿ ಹಮಾಲರು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ವ್ಯಾಪ್ತಿಗೆ ಬರುತ್ತಾರೆ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಅವರನ್ನು ಒಳಗೊಂಡಿದೆ. ಮಹಾರಾಷ್ಟ್ರದಂತೆ ಕೂಲಿಯೇ ಮಂಡಳಿಯ ಮೂಲಕ ಹಾಯುವ ಏರ್ಪಾಡು ಮಾತ್ರ ನಮ್ಮ ತವರಿನಲ್ಲಿಲ್ಲ.

ತೂಕ ಇಳಿಸುವುದರ ಜೊತೆಗೆ ಕೂಲಿಯ ಮಾತೂ ಏಕೆ ಬರಬೇಕೆಂದು ಕೇಳಬಹುದು. ಹಮಾಲಿ ಚೀಲದ ಲೆಕ್ಕದ ಕೂಲಿ. 100 ಕಿಲೋದ ಒಂದು ಚೀಲ 50 ಕಿಲೋದ ಎರಡಾದಾಗ ಖೇಪುಗಳು ಇಮ್ಮಡಿಯಾಗುತ್ತವೆ. ತೂಕದ ಜೊತೆ ದರವೂ ಅರ್ಧವಾದರೆ ಬೆನ್ನು ಉಳಿಯಿತೇ ಹೊರತು ನಡಿಗೆ ಹೆಚ್ಚಿತು. ಅವಸರದಲ್ಲಿ ಎರಡೆರಡು ಚೀಲ ಒಟ್ಟಿಗೆ ಹೊರುವ ಆಸೆಯೂ ಹುಟ್ಟಿತು. ವ್ಯಾಪಾರಿಯ ಕಡೆಯಿಂದಲೂ ಚೀಲದ ಬೆಲೆ, ಹೊಲಿಗೆ, ಎಣಿಕೆ ಎಲ್ಲ ಇಮ್ಮಡಿ. ಆದ್ದರಿಂದ ತೂಕದ ಮಿತಿ ನಿಲ್ಲಬೇಕಾದರೆ ದರವನ್ನು ಕೂತು ಮಾತಾಡಿ ನಿಶ್ಚಯಿಸುವ ಒಂದು ಜಾಗ ಬೇಕು. ಪುಣೆಯ ಅನುಭವ ಕಲಿಸುವ ಮುಖ್ಯ ಪಾಠ ಇದೆಂದು ನಮಗೆ ತೋರುತ್ತದೆ: ಬೆನ್ನನ್ನು ಕಾಯುವುದು ವೈದ್ಯಶಾಸ್ತ್ರಕ್ಕೆ ಸೇರಿದಷ್ಟೇ ಚೌಕಾಸಿಗೂ ಸೇರಿದ ವಿಷಯ.

ಈ ಪಾಠವನ್ನು ಈಚಿನ ಸಂಶೋಧನೆ ಇನ್ನೊಂದು ದಾರಿಯಿಂದ ಸಮರ್ಥಿಸುತ್ತದೆ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿರೆಂಬ ಚಿತ್ರಪಟಗಳನ್ನು ನಾವು ಗೋದಾಮುಗಳಲ್ಲಿಯೂ ಸರಕಾರಿ ಕಚೇರಿಗಳಲ್ಲಿಯೂ ಕಾಣುತ್ತೇವೆ. ಇಂಥ ತರಬೇತಿಯ ಫಲವನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಒಂದು ವಿಮರ್ಶೆ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಎತ್ತುವ ಕ್ರಮದ ಉಪದೇಶ, ಸಾಧನಗಳ ಜೊತೆಗಿರಲಿ ಇಲ್ಲದಿರಲಿ, ಬೆನ್ನುನೋವನ್ನು ತಡೆಯುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲವೆಂಬುದು ಅದರ ತೀರ್ಮಾನ. ಸೊಂಟದ ಪಟ್ಟಿಯ ಕಥೆಯೂ ಹೀಗೆಯೇ. ಕ್ರಮ ಕಲಿಸುವುದು ವ್ಯರ್ಥವೆಂದು ಇದರ ಅರ್ಥವಲ್ಲ. ಭಾರವನ್ನು ಹಾಗೆಯೇ ಉಳಿಸಿ ಹೊಣೆಯನ್ನು ಹೊರುವವನ ಭಂಗಿಯ ಮೇಲೆ ಹಾಕಿದರೆ ಸಾಲದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ಭಾರ 23 ಕಿಲೋ. ದೂರ, ತಿರುವು, ಪದೇಪದೇ ಎತ್ತುವಿಕೆ ಸೇರಿದಂತೆ ಅದು ಇನ್ನೂ ಇಳಿಯುತ್ತದೆ. ಯುರೋಪಿನ ಹಲವೆಡೆ ಸಿಮೆಂಟಿನ ಚೀಲ 25 ಕಿಲೋಗೆ ಬಂದು ನಿಂತಿದೆ. ನಮ್ಮ 50 ಕಿಲೋ ದಾರಿಯ ನಡುವಣ ಹೊರೆಗಲ್ಲು. ಊರು ಇನ್ನೂ ಮುಂದಿದೆ.

ಯಂತ್ರ ಬಂದರೆ ಎಲ್ಲವೂ ಬಗೆಹರಿಯುವುದೇ? ಗಾಲಿ, ತಳ್ಳುಗಾಡಿ, ಲಾರಿಯ ಎತ್ತರಕ್ಕೆ ಸರಿಯಾದ ಕಟ್ಟೆ ಇವು ನಿಜಕ್ಕೂ ಬೆನ್ನು ಉಳಿಸುತ್ತವೆ. ಆದರೆ ಗಾಲಿಯುಳ್ಳ ಸೂಟ್‌ಕೇಸು ಪುಣೆ ನಿಲ್ದಾಣದ ಕೆಂಪಂಗಿಯವರ ಹೊರೆಯ ಜೊತೆ ಅವರ ಗಳಿಕೆಯನ್ನೂ ಇಳಿಸಿತು. 2016ರ ರೈಲ್ವೆ ಮುಂಗಡಪತ್ರ ಕೂಲಿಗಳನ್ನು ‘ಸಹಾಯಕ’ರೆಂದು ಕರೆದದ್ದರಿಂದ ಆ ಗಳಿಕೆ ಮರಳಲಿಲ್ಲ. ಇದಕ್ಕೆ ಬೇರೆ ಮಾದರಿಯೂ ಈ ನಗರದಲ್ಲಿದೆ. ತಲೆಯ ಮೇಲೆ ಮೂಟೆ ಹೊತ್ತು ಬೀದಿ ಅಲೆಯುತ್ತಿದ್ದ ಚಿಂದಿ ಆಯುವ ಹೆಂಗಸರು 1993ರಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್’ ಎಂಬ ಸಂಘಟನೆಯಾದರು. ಮುಂದೆ ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರ ಸಂಸ್ಥೆಯ ಮೂಲಕ ಅವರಲ್ಲಿ ಅನೇಕರು ತಳ್ಳುಗಾಡಿಯೊಂದಿಗೆ ಮನೆಮನೆಯ ಕಸ ಸಂಗ್ರಹಿಸುವವರಾದರು. ಗಾಲಿ ಅವರ ಕೆಲಸವನ್ನು ಕಿತ್ತುಕೊಳ್ಳಲಿಲ್ಲ, ಏಕೆಂದರೆ ಗಾಲಿ ಬರುವ ಮೊದಲು ಸಂಘ ಬಂದಿತ್ತು.

ಚರಿತ್ರೆಯ ಈ ಮಾತುಗಳು ನಮ್ಮ ಮನೆಬಾಗಿಲಿಗೂ ಬರುತ್ತವೆ. ತುಂಬಿದ ಅಡುಗೆ ಅನಿಲದ ಸಿಲಿಂಡರು ಸುಮಾರು 30 ಕಿಲೋ; ಅದು ನಮ್ಮ ಸೊಸೈಟಿಯ ಮೂರನೆಯ ಮಹಡಿಗೆ ಯಾರದೋ ಹೆಗಲ ಮೇಲೆ ಬರುತ್ತದೆ. ಲಿಫ್ಟು ನಿವಾಸಿಗಳಿಗೆ ಮಾತ್ರ ಎಂಬ ಫಲಕ ಎಷ್ಟೋ ಕಡೆ ಇದೆ. ಸೊಸೈಟಿಯ ಸಭೆಯಲ್ಲಿ ಅದನ್ನು ತೆಗೆಸುವುದು ಒಂದು ಮಾತಿನ ಕೆಲಸ. ವರ್ಗವಾಗಿ ಊರೂರು ಅಲೆಯುವ ನಮ್ಮಂಥ ಕೇಂದ್ರ ಸರಕಾರಿ ನೌಕರರು ಪುಸ್ತಕಗಳನ್ನು ಒಂದೇ ದೊಡ್ಡ ಪೆಟ್ಟಿಗೆಗೆ ತುಂಬುವ ಬದಲು ನಾಲ್ಕು ಸಣ್ಣ ಪೆಟ್ಟಿಗೆಗಳಿಗೆ ಹಂಚಬಹುದು, ಪೆಟ್ಟಿಗೆ ಹೆಚ್ಚಾದದ್ದಕ್ಕೆ ಕೂಲಿ ಕಡಿಮೆ ಮಾಡದಿರಬಹುದು. ಎತ್ತುವವನ ಮುಂದೆ ಭಾರವನ್ನು ನೆಲದ ಮೇಲಿಡದೆ ಮೇಜಿನ ಮೇಲಿಟ್ಟರೆ, ನಮ್ಮ ಹಿರಿಯರು ದಾರಿಯಲ್ಲಿ ನೆಟ್ಟ ಕಲ್ಲನ್ನು ನಾವು ಮನೆಯಲ್ಲಿ ನೆಟ್ಟಂತೆ.